ಅಧ್ಯಕ್ಷೆಯ ಕ್ಯಾನಿನ ಕೆನೆ

ಹೊನ್ನವಳ್ಳಿಯ ಆಚೆಗಿನ ಕಟ್ಟೆಹೊಸಳ್ಳಿಯಲ್ಲಿ ಮಹಿಳಾ ಹಾಲಿನ ಡೈರಿಗೆ ಹೊಂಬಾಳಮ್ಮ ಅಧ್ಯಕ್ಷೆಯಾಗಿ ಎರಡು ವರ್ಷವಾಗಿತ್ತು. ಅದಕ್ಕೆ ಮುಂಚೆ ಹಿಂದಿನ ಅಧ್ಯಕ್ಷೆಯನ್ನು ಮೀಟಿಂಗಿನಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವುದರಲ್ಲಿ ಆಕೆಯದು ಎತ್ತಿದ ಕೈ. ಈಗ ಕೇಳಿಸಿಕೊಳ್ಳುವ ಸರದಿ ತನ್ನದು ಎಂಬುದು ಮಾತ್ರ ಅಷ್ಟಾಗಿ ಹೊಳೆದಿರಲಿಲ್ಲ.

ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದಾಗ ಡೈರಿಯ ವಾಟ್ಸಾಪ್ ಗ್ರೂಪಿಗೆ ತೋಟದಮನೆಯ ನಿರ್ಮಲಾಳ ವಾಯ್ಸ್ ಮೆಸೇಜು ಬಂತು. ಮೂರು ನಿಮಿಷದ್ದು.

“ಅಧ್ಯಕ್ಷರ ಹಸಾನೂ ಸೀಮೆಹಸಾನೇ, ನಮ್ದೂ ಸೀಮೆಹಸಾನೇ. ಅವ್ರುದ್ದಕ್ಕೆ ದಿನಾ ನಾಲ್ಕೂವರೆ ಫ್ಯಾಟು, ನಮ್ದು ಮೂರೂವರೆ ದಾಟಲ್ಲ. ಮೆಷಿನ್ನಿಗೂ ಅಧ್ಯಕ್ಷರು ಅಂದ್ರೆ ಭಯಾನಾ? ಗಂಗಲಕ್ಷ್ಮಿಗೆ ಹೇಳಿ ಜಾಸ್ತಿ ಬರಸ್ಕಂತಾರೆ. ಕಳ್ತನ ಅಲ್ದೆ ಇನ್ನೇನು?”

ಗಂಗಲಕ್ಷ್ಮಿ ಡೈರಿಯಲ್ಲಿ ಹಾಲಿನ ಫ್ಯಾಟು, ಅಂದರೆ ಜಿಡ್ಡಿನ ಅಂಶ, ಪರೀಕ್ಷೆ ಮಾಡುವವಳು; ಅದು ಹೆಚ್ಚಿದಷ್ಟೂ ಹಾಲಿಗೆ ದರ ಹೆಚ್ಚು.

ಹೊಂಬಾಳಮ್ಮ ಹಿಟ್ಟಿನ ಕೈಯಲ್ಲೇ ಫೋನು ಒತ್ತಿ ಹಿಡಿದು ಉತ್ತರ ಶುರು ಮಾಡಿದಳು. ನಿರ್ಮಲಾಳಿಂದ ಹೊರಟ ಮಾತು ಅವಳ ಅತ್ತೆಯನ್ನು ದಾಟಿ, ಅತ್ತೆಯ ತೌರುಮನೆ ತಲುಪುವ ಹೊತ್ತಿಗೆ ಒಲೆಯ ಮೇಲಿನ ರೊಟ್ಟಿ ಸೀದಿತ್ತು. ಜಗಲಿಯಲ್ಲಿ ಕೊಬ್ಬರಿ ಆರಿಸುತ್ತಿದ್ದ ಗಂಡ ಗಂಗರಾಜು ಒಳಗೆ ಬಂದ.

“ಫೋನಿಂದ ಬೆರಳು ಬುಡಬ್ಯಾಡ ಕಣೇ. ಬುಟ್ರೆ ಊರಿಗೆಲ್ಲ ಹೋಯ್ತದೆ.”

“ನನ್ನ ಕಳ್ಳಿ ಅಂದವ್ಳೆ!”

“ಕಳ್ಳಿ ಅಂದಿದ್ದು ಸುಳ್ಳು, ಸರಿ. ನಾಲ್ಕೂವರೆ ಅಂದಿದ್ದು?”

ಹೊಂಬಾಳಮ್ಮ ಬೆರಳನ್ನು ಪಕ್ಕಕ್ಕೆ ಸರಿಸಿ ಮೆಸೇಜನ್ನು ಅಳಿಸಿದಳು. ಅಷ್ಟು ಒಳ್ಳೆಯ ಬೈಗುಳ ಯಾರ ಕಿವಿಗೂ ಬೀಳದೆ ಹೋಯಿತು. ಆಮೇಲೆ ಇಪ್ಪತ್ತು ನಿಮಿಷ ಕಷ್ಟಪಟ್ಟು ಒಂದೇ ಸಾಲು ಟೈಪು ಮಾಡಿದಳು: ‘ಸಂಜೆ ಎಲ್ಲರೂ ಇರಿ. ನನ್ನ ಹಾಲನ್ನು ನಿಮ್ಮೆದುರೇ ನೋಡೋಣ.’

ಸಂಜೆ ಎಲ್ಲರೂ ಬಂದರು, ಮನೆಯಲ್ಲಿ ಹಸುವೇ ಇಲ್ಲದವರೂ ಬಂದರು. ಹೊಂಬಾಳಮ್ಮನ ಮನೆ ಡೈರಿಯ ಪಕ್ಕದಲ್ಲೇ. ದಿನವೂ ಬೇಗ ಹಾಲು ಕರೆದು, ಕ್ಯಾನನ್ನು ಬಾಗಿಲ ಬಳಿ ಇಟ್ಟು ಮೊದಲ ಜಾಗ ಹಿಡಿದು, ಗಂಟೆಗಟ್ಟಲೆ ಹರಟೆ ಹೊಡೆಯುವುದು ಆಕೆಯ ರೂಢಿ. ಆ ಕ್ಯಾನಿನಿಂದ ಗಂಗಲಕ್ಷ್ಮಿ ಎಂದಿನಂತೆ ಮೇಲಿನ ಹಾಲು ತೆಗೆದು ಮೆಷಿನ್ನಿಗೆ ಹಾಕಿದಳು. ನಾಲ್ಕೂವರೆ. ತೋಟದ ಹಳ್ಳದಿಣ್ಣೆ ದಾರಿಯಲ್ಲಿ ಸ್ಕೂಟರಿನ ಮೇಲೆ ಕುಲುಕಿಸಿಕೊಂಡು ಬಂದ ನಿರ್ಮಲಾಳ ಹಾಲು ಮೂರೂವರೆ.

“ನೋಡುದ್ರಾ?” ಎಂದಳು ನಿರ್ಮಲಾ. ಗಂಗಲಕ್ಷ್ಮಿಯ ಕಣ್ಣಲ್ಲಿ ನೀರು ಬಂತು.

ಹೊಂಬಾಳಮ್ಮ ಬಗ್ಗಿ ತನ್ನ ಕ್ಯಾನಿನೊಳಗೆ ನೋಡಿದಳು. ಬಹಳ ಹೊತ್ತಿನಿಂದ ನಿಂತ ಹಾಲಿನ ಮೇಲೆ ಕೆನೆ ಹಳದಿಯಾಗಿ ಕಟ್ಟಿತ್ತು; ಮೆಷಿನ್ನಿಗೆ ಹೋಗಿದ್ದೂ ಅದೇ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಕೆಗೆ ಒಂದು ಗಳಿಗೆ ಸುಮ್ಮನಿರಬೇಕು ಅನ್ನಿಸಿದ್ದೂ ನಿಜ.

“ಚೆನ್ನಾಗಿ ಕಲಕಿ ಇನ್ನೊಂದ್ಸಲ ನೋಡವ್ವ,” ಎಂದಳು.

ಕಲಕಿ ನೋಡಿದರೆ ಮೂರು ಪಾಯಿಂಟ್ ನಾಲ್ಕು! ನಿರ್ಮಲಾಳಿಗಿಂತಲೂ ಕಮ್ಮಿ. ನೆರೆದವರು ನಗು ತಡೆಯಲಾರದೆ ಹೋದರು. ಗಂಗರಾಜು ತಡೆಯಲು ನೋಡಲೂ ಇಲ್ಲ.

“ನಗ್ರವ್ವ, ನಗ್ರಿ. ಜಾಸ್ತಿ ಬರಿ ಅಂತ ನಾನು ಯಾರ್ಗೂ ಹೇಳಿಲ್ಲ,” ಎಂದಳು ಹೊಂಬಾಳಮ್ಮ. “ಆದ್ರೆ ಕೆನೆ ನಂಗೇ ಸಿಗ್ತಿತ್ತು, ಅದು ದಿಟ. ಗಂಗಲಕ್ಷ್ಮೀನ ಏನೂ ಅನ್ಬ್ಯಾಡಿ. ಕಲಕು ಅಂತ ಹೇಳ್ಬೇಕಾದೋಳು ನಾನು. ಇವತ್ತಿಂದ ಎಲ್ಲರ ಹಾಲೂ ಕಲಕಿ ನೋಡೋದು. ಮೆಷಿನ್ ಮುಖ ಕಿಟಕಿ ಕಡೆಗಿರ್ಲಿ, ನೀವೇ ಓದ್ಕಳಿ.” ಬಲು ಸಂಕಟದಿಂದ ಸೇರಿಸಿದಳು: “ಮುಂಚೇನೇ ಕ್ಯಾನ್ ಇಟ್ಟು ಜಾಗ ಹಿಡಿಯೋದೂ ಬಂದ್.”

ನಿರ್ಮಲಾ ಹತ್ತಿರ ಬಂದಳು. “ಬೇಜಾರ್ ಮಾಡ್ಕಬ್ಯಾಡ ಕಣಕ್ಕ. ಬಾಯ್ತಪ್ಪಿ ಅಂದ್ಬುಟ್ಟೆ.”

“ಬಾಯ್ತಪ್ಪಿದ್ದು ಗ್ರೂಪಲ್ಲಿ ಅಲ್ವೇನೇ? ಸರಿ ಮಾಡೋದೂ ಅಲ್ಲೇ ಮಾಡು.”

ನಿರ್ಮಲಾ ಗ್ರೂಪಿಗೆ ಹಾಕಿದ ತಪ್ಪೊಪ್ಪಿಗೆಯ ಮೆಸೇಜು ಒಂಬತ್ತು ಸೆಕೆಂಡಿನದು. ಹೊಂಬಾಳಮ್ಮ ಅದನ್ನು ನಾಲ್ಕು ಸಲ ಕೇಳಿದಳು.

ಮಾರನೆಯ ವಾರ ಆಕೆ ತಾನಾಗಿ ನಿರ್ಮಲಾಳ ತೋಟಕ್ಕೆ ಹೋದಳು. “ನಿನ್ನ ಹಸೀಗೆ ಏನ್ ಮೇವು ಹಾಕ್ತೀಯೆ, ಹೇಳೇ,” ಎಂದಳು. ನಿರ್ಮಲಾ ಕಾಫಿ ಕೊಟ್ಟು, ಹಿಂಡಿಯಿಂದ ಹಿಡಿದು ಹಸಿಹುಲ್ಲಿನವರೆಗೆ ಅರ್ಧ ಗಂಟೆ ಪಾಠ ಮಾಡಿದಳು. ಅಧ್ಯಕ್ಷೆ ಒಂದು ಮಾತೂ ಅಡ್ಡ ಹಾಕದೆ ಕೇಳಿ, ಎರಡು ಕಂತೆ ಹುಲ್ಲಿನ ಕಡ್ಡಿ ನಾಟಿಗೆಂದು ಇಸಿದುಕೊಂಡು ಮನೆಗೆ ಬಂದಳು.