ಮಗ್ಗದ ಕೈ, ಹುಬ್ಬಿನ ದಾರ

ಬನಹಟ್ಟಿಯ ನಮ್ಮ ಎರಡು ಮಗ್ಗಗಳನ್ನು ಬಿಚ್ಚಿ ಗುಜರಿಯವರು ಟೆಂಪೋದಲ್ಲಿ ಹೇರಿಕೊಂಡು ಹೋದ ಮರುದಿನವೂ ನಾನು ಐದಕ್ಕೇ ಎದ್ದೆ. ಮೂವತ್ತು ವರ್ಷ ಆರಕ್ಕೆ ಸರಿಯಾಗಿ ಮಗ್ಗ ಚಾಲೂ ಮಾಡಿದವಳು. ಅಂಗಳ ಗುಡಿಸಿ, ಜಳಕ ಮಾಡಿ, ಶೆಡ್ಡಿಗೆ ಹೋಗಿ ನಿಂತೆ. ನೆಲದ ಮೇಲೆ ಎಣ್ಣೆಯ ಕಲೆ ಬಿಟ್ಟರೆ ಏನೂ ಇರಲಿಲ್ಲ. ಗಂಡ ತೀರಿಹೋಗಿ ಎಂಟು ವರ್ಷವಾಗಿತ್ತು. ಸುಮ್ಮನೆ ಕೂತು ಉಣ್ಣುವುದು ನನಗೆ ಬರುತ್ತಿರಲಿಲ್ಲ.

ಜಮಖಂಡಿಯಲ್ಲಿ ತಂಗಿಯ ಮಗಳು ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. "ದೊಡ್ಡವ್ವ, ದಾರ ಹಿಡದ ಕೈ ನಿಂದು. ಹುಬ್ಬ ಮಾಡೂದು ಕಲಿ, ನನ್ನ ಕೂಡ ಕೆಲಸಾ ಮಾಡು" ಅಂದಳು. ಐವತ್ತೇಳನೆಯ ವಯಸ್ಸಿನಲ್ಲಿ ಕಲಿತೆ. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ನಡುವೆ ತಿರುಚಿ, ಕೈಗಳಿಂದ ಆಡಿಸಿದರೆ ಬೇಡದ ಕೂದಲು ಆ ತಿರುಚಿನಲ್ಲಿ ಸಿಕ್ಕು ಕಿತ್ತು ಬರುತ್ತದೆ.

ಬನಹಟ್ಟಿಯಿಂದ ದಿನಾಲೂ ಬಸ್ಸಿನಲ್ಲಿ ಬಂದು, ಒಂಬತ್ತಕ್ಕೆ ಐದು ನಿಮಿಷ ಇರುವಾಗಲೇ ಪಾರ್ಲರಿನ ಬಾಗಿಲಲ್ಲಿ ಇರುತ್ತಿದ್ದೆ. "ಏನ್ ಬೇ, ಹುಬ್ಬ ನೇಯಾಕಿ ಏನ್ ಮತ್ತ?" ಎಂದು ಒಬ್ಬ ಗಿರಾಕಿ ನನ್ನನ್ನು ಕೆಣಕಿದಳು. "ಜರಿ ಅಂಚ ಬೇಕೇನ್ರಿ?" ಎಂದು ತಂಗಿಯ ಮಗಳು ಅವಳ ಬಾಯಿ ಮುಚ್ಚಿಸಿದಳು. ನಾಲ್ಕು ತಿಂಗಳು ಹಾಗೇ ಸಾಗಿತು.

ಆಮೇಲೆ ಲೋಕಾಪುರದಿಂದ ಒಬ್ಬ ಹುಡುಗಿ ತಾಯಿಯ ಜೊತೆ ಬಂದಳು. ಎರಡು ದಿನ ಬಿಟ್ಟು ಅವಳ ಮದುವೆ. ಎಡ ಹುಬ್ಬು ಮುಗಿಸಿ ಬಲ ಹುಬ್ಬಿಗೆ ಬಂದಾಗ ದಾರ ಹರಿಯಿತು.

ಮಗ್ಗದಲ್ಲಿ ಎಳೆ ಹರಿದರೆ ಆ ಕ್ಷಣವೇ ಗಂಟು ಹಾಕಬೇಕು. ತಡವಾದರೆ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ಕೈ ಯಾರನ್ನೂ ಕೇಳುವುದಿಲ್ಲ, ಹಾಕಿಬಿಡುತ್ತದೆ. ಇಲ್ಲಿಯೂ ಹಾಕಿತು. ಗಂಟು ತಿರುಚಿನಲ್ಲಿ ಸಿಕ್ಕಿಕೊಂಡಿತು, ನಾನು ಎಳೆದೆ. ಹುಬ್ಬಿನ ನಡುವಿನಿಂದ ಕೂದಲು ಗೊಂಚಲಾಗಿ ಕಿತ್ತು ಬಂತು. ಸಣ್ಣಗೆ ರಕ್ತ ಜಿನುಗಿತು.

"ಅಯ್ಯ ಶಿವನ! ನಾಡದ ಮದುವಿ, ಅಕ್ಕಿಕಾಳ ಬೀಳೂದೈತಿ, ನನ್ನ ಮಗಳ ಹುಬ್ಬ ಕಿತ್ತ ಕೈಯಾಗ ಕೊಟ್ಟಳಲ್ಲ ಈ ಮುದುಕಿ!" ಎಂದು ತಾಯಿ ಚೀರಿದಳು. ಹುಡುಗಿ ಕನ್ನಡಿಯನ್ನೇ ನೋಡುತ್ತ ಕೂತಳು, ಕಣ್ಣೀರು ಇಳಿಯುತ್ತಲೇ ಇತ್ತು. ತಂಗಿಯ ಮಗಳು ಪೆನ್ಸಿಲ್ಲಿನಿಂದ ಹುಬ್ಬು ತಿದ್ದಿ, ಕೈಮುಗಿದು ಕಳಿಸಿದಳು.

ಬಾಗಿಲು ಹಾಕಿ ನನ್ನ ಕಡೆ ತಿರುಗಿದಳು. "ಹರದ ದಾರ ಒಗದು ಹೊಸಾದು ತಗೋಬೇಕಂತ ಎಷ್ಟ ಸಲ ಹೇಳೇನಿ? ಒಂದ ತಿಂಗಳ ನೋಡತೇನಿ ದೊಡ್ಡವ್ವ. ಕೈ ತಿದ್ದಕೋ. ಇಲ್ಲಾಂದ್ರ ದಾರ ಮುಟ್ಟಬ್ಯಾಡ."

ದಿನಾಲೂ ಬೆಳಗಿನ ಐದೂವರೆಗೆ ಮನೆಯ ಖಾಲಿ ಶೆಡ್ಡಿನಲ್ಲಿ ಕೂತು ನನ್ನ ಮೊಣಕಾಲ ಕೆಳಗಿನ ಕೂದಲ ಮೇಲೆ ದಾರ ಆಡಿಸಿದೆ. ಬೇಕೆಂದೇ ದಾರ ಹರಿಯುವುದು, ಒಗೆಯುವುದು, ಹೊಸದು ತೆಗೆದುಕೊಳ್ಳುವುದು. ಐವತ್ತು ಸಲ. ಕಾಲಿನ ಕೂದಲು ಮುಗಿದ ಮೇಲೆ ಬರಿಗಾಳಿಯಲ್ಲಿ ಮಾಡಿದೆ. ಲಕ್ಷ್ಯವಿಟ್ಟಷ್ಟು ಹೊತ್ತು ಸರಿ. ಹೊರಗೆ ಯಾರೋ ಕೆಮ್ಮಿದರೆ ಸಾಕು, ಬೆರಳುಗಳು ಒಂದನ್ನೊಂದು ಹುಡುಕಿಕೊಂಡು ಗಂಟು ಹಾಕಿರುತ್ತಿದ್ದವು.

ತಿಂಗಳು ತುಂಬಿದ ದಿನ ಮಧ್ಯಾಹ್ನ ಅವಳು ಪಾರ್ಲರಿನ ಬಾಗಿಲು ಹಾಕಿ ತಾನೇ ಕುರ್ಚಿಯಲ್ಲಿ ಒರಗಿದಳು. "ಮಾಡು" ಅಂದು ಕಣ್ಣು ಮುಚ್ಚಿದಳು. ಎಡ ಹುಬ್ಬು ಚೆನ್ನಾಗಿ ಬಂತು. ಬಲದಲ್ಲಿ ದಾರ ಹರಿಯಿತು. ನನ್ನನ್ನು ಪರೀಕ್ಷಿಸಲು ಅವಳೇ ಮೊದಲು ಆ ದಾರಕ್ಕೆ ಬ್ಲೇಡು ತಾಗಿಸಿ ಇಟ್ಟಿದ್ದಳು, ಹಾಗೆಂದು ಆಮೇಲೆ ಹೇಳಿದಳು. ಒಗೆ, ಒಗೆ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಗಂಟು ಬಿದ್ದು, ಮಗ್ಗದಲ್ಲಿ ಮಾಡುತ್ತಿದ್ದಂತೆ ಅದರ ಉಳಿದ ಬಾಲವನ್ನು ನನ್ನ ಹಲ್ಲು ಕಡಿಯುತ್ತಿತ್ತು.

ಅವಳು ಕಣ್ಣು ತೆರೆದು ನನ್ನ ಮುಂಗೈ ಹಿಡಿದಳು. "ಸಾಕ ಬಿಡು ದೊಡ್ಡವ್ವ."

ಈಗ ನನ್ನ ಪಾಲಿಗೆ ಗಿರಾಕಿಗಳ ಕಾಲು. ಬಿಸಿನೀರಿನಲ್ಲಿ ನೆನೆಸಿ, ಒಡೆದ ಹಿಮ್ಮಡಿ ತಿಕ್ಕಿ, ಉಗುರು ಕತ್ತರಿಸುತ್ತೇನೆ. ಬರುವ ಸಮಯ ತಪ್ಪಿಸಿಲ್ಲ. ದಾರದ ಉಂಡೆಗಳನ್ನು ಅವಳು ಎತ್ತರದ ಕಪಾಟಿನಲ್ಲಿ ಇಟ್ಟಿದ್ದಾಳೆ. ಬೇಕಾದಾಗ ಅವಳೇ ಇಳಿಸಿಕೊಳ್ಳುತ್ತಾಳೆ.