ಬ್ರೇಕಿನ ಪೈಪಿಗೆ ನೂಲು ಸುತ್ತಿದ್ದು

ನಮ್ಮ ಜಮಖಂಡಿ ಕಡೆ ಕಾರು ಕೊಂಡವನು ಮೊದಲು ಮಾಡುವ ಕೆಲಸ ಅದನ್ನು ಮುಚ್ಚುವುದು. ಸೀಟಿಗೆ ಕವರು, ಕವರಿನ ಮೇಲೆ ಟವೆಲು, ಟವೆಲು ಮಾಸಬಾರದೆಂದು ಅದರ ಮೇಲೊಂದು ಪ್ಲಾಸ್ಟಿಕ್ಕು. ಹೈಸ್ಕೂಲು ಮಾಸ್ತರನ ಸಂಬಳದಲ್ಲಿ ಮೂರನೆಯ ಕೈಯಿಂದ ಕೊಂಡ ಕಾರಿಗೆ ನಾನೂ ಇದನ್ನೆಲ್ಲ ಮಾಡಿಸಿದ್ದೆ. ದಸರೆಯ ಖಂಡೇಪೂಜೆಯ ದಿನ ಚಕ್ರಗಳಿಗೆ ಕುಂಕುಮ ಹಚ್ಚಿ, ಬಾನೆಟ್ಟಿನ ಮೇಲೆ ಬೀರಪ್ಪ ದೇವರ ಭಂಡಾರದ ಅರಿಶಿನ ಎರಚಿ ಕೈಮುಗಿಯುತ್ತಿದ್ದೆ. ಅದೇ ಚಕ್ರದ ಹಿಂದೆ ಬೆರಳು ದಪ್ಪದ ಒಂದು ರಬ್ಬರ್ ಪೈಪು ಇದೆ, ನಾನು ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಅದರೊಳಗಿಂದಲೇ ಹಾದು ಗಾಡಿಯನ್ನು ನಿಲ್ಲಿಸುತ್ತದೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಬೀರಪ್ಪ ನಿಲ್ಲಿಸುತ್ತಾನೆಂದುಕೊಂಡಿದ್ದೆ.

ನಿಲ್ಲುವ ವಿಷಯದಲ್ಲಿ ನಮ್ಮ ಆಸಕ್ತಿ ಮೊದಲಿಂದಲೂ ಅಷ್ಟಕ್ಕಷ್ಟೆ. ಪುರಾಣಗಳಲ್ಲಿ ರಥ ಓಡಿದ ವರ್ಣನೆ ಪುಟಗಟ್ಟಲೆ ಸಿಗುತ್ತದೆ. ನಿಂತದ್ದು ಹೇಗೆಂದು ಹುಡುಕಿದರೆ ಸಾರಥಿ ಲಗಾಮು ಎಳೆದ ಎಂದು ಅರ್ಧ ಸಾಲು. ಮುಧೋಳದ ನಾಯಿಯ ಓಟವನ್ನು ಹೊಗಳುವವರು ಊರಿಗೊಬ್ಬರಿದ್ದಾರೆ, ಅದು ನಿಲ್ಲುವ ಜಾಣತನವನ್ನು ಹೊಗಳಿದವರನ್ನು ನಾನಿನ್ನೂ ಕಂಡಿಲ್ಲ. ಕಾರು ತಂದ ದಿನ ಓಣಿಯವರೆಲ್ಲ ಸುತ್ತ ನಿಂತು, "ಲೀಟರಿಗೆ ಎಷ್ಟ ಓಡತೈತ್ರಿ ಮಾಸ್ತರ?" ಎಂದೇ ಕೇಳಿದರು. ನಿಲ್ಲತೈತೇನು ಎಂದು ಕೇಳಿದ್ದರೆ ನಾನು ಅವಮಾನವಾಯಿತೆಂದು ತಿಳಿಯುತ್ತಿದ್ದೆ.

ಹೀಗಿರುವಾಗ ಗಿರಿಜಾಳನ್ನು ಕರೆತರುವ ದಿನ ಬಂತು. ಗಿರಿಜಾ ನನ್ನ ಹೆಂಡತಿಯ ಅಣ್ಣನ ಮಗಳು. ಮುಧೋಳಕ್ಕೆ ಕೊಟ್ಟಿದ್ದರು, ಈಗ ತುಂಬಿದ ಬಸುರಿ. ಚೊಚ್ಚಲ ಹೆರಿಗೆ ತವರು ರಬಕವಿಯಲ್ಲೇ ಆಗಬೇಕು, ಬಾಡಿಗೆ ಗಾಡಿ ಬೇಡ, ಮಾಸ್ತರರ ಕಾರೇ ಆಗಬೇಕು, ಅದೂ ಅಮಾವಾಸ್ಯೆಯ ಒಳಗೇ ಆಗಬೇಕು. ಇಷ್ಟನ್ನು ನಿರ್ಧರಿಸಿದವರು ಅವಳ ಅಪ್ಪ. ನಾನು ಅವರನ್ನು ಅಣ್ಣಾರು ಎಂದು ಕರೆಯುತ್ತೇನೆ. ಹೆಣ್ಣು ಕೊಟ್ಟ ಮನೆಯ ಹಿರಿಯರ ಎದುರು ನನಗೆ ಸ್ವಂತ ಅಭಿಪ್ರಾಯಗಳಿರುವುದಿಲ್ಲ.

ಮುಂಚಿನ ದಿನವೇ ಹೆಂಡತಿಯೊಡನೆ ರಬಕವಿಗೆ ಹೋಗಿ ಅವರ ಮನೆಯ ಮುಂದೆ ಕಾರು ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಮುಂದಿನ ಚಕ್ರದ ಕೆಳಗೆ ಎಣ್ಣೆ ಹನಿ ಕಂಡಿತು. ಓಣಿಯ ಗ್ಯಾರೇಜಿನ ಮೇಸ್ತ್ರಿ ಬಂದು, ಸ್ಟೇರಿಂಗ್ ತಿರುಗಿಸಿ, ಚಕ್ರದ ಹಿಂದಿನ ಪೈಪನ್ನು ಬಾಗಿಸಿ ತೋರಿಸಿದ. ಬೇಸಿಗೆಯ ಎರೆಹೊಲದಂತೆ ಮೈತುಂಬ ಬಿರುಕು.

"ಪೈಪ ಬದಲ ಮಾಡಬೇಕ್ರಿ. ಬಿಜಾಪುರದಿಂದ ತರಿಸಬೇಕು, ಎರಡ ಮೂರ ದಿವಸ ಹಿಡಿತೈತಿ" ಎಂದ.

"ಅಷ್ಟರಾಗ ಅಮಾಸಿ ಬರತೈತಲ್ಲೋ!" ಎಂದರು ಅಣ್ಣಾರು. "ಹರದದ್ದನ್ನ ಕೂಡಸೂದು ನಮ್ಮ ದಂಧೆನ ಐತಿ. ನೀ ಹೋಗು."

ಅಣ್ಣಾರು ಪವರ್‌ಲೂಮಿನವರು. ಮಗ್ಗದಲ್ಲಿ ಎಳೆ ಹರಿದರೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಗಂಟು ಹಾಕುತ್ತಾರೆ, ಗಂಟು ಎಲ್ಲಿದೆಯೆಂದು ಸೀರೆ ಉಟ್ಟವಳಿಗೂ ತಿಳಿಯುವುದಿಲ್ಲ. ಇದರಿಂದಾಗಿ ಲೋಕದ ಸಕಲ ರೋಗಗಳಿಗೂ ನೂಲೇ ಮದ್ದೆಂಬ ನಂಬಿಕೆ ಅವರದು. ಅವರ ಮನೆಯ ಕನ್ನಡಕದ ಕಾಲು, ಕೊಡೆಯ ಹಿಡಿಕೆ, ರೇಡಿಯೋದ ಬೆನ್ನು ಎಲ್ಲವೂ ನೂಲಿನ ಮೇಲೇ ಬದುಕಿವೆ. ಗಟ್ಟಿ ನೈಲಾನ್ ಎಳೆ ತಂದು, ಅಂಟು ಸವರಿ, ಪೈಪಿಗೆ ಒತ್ತೊತ್ತಾಗಿ ಸುತ್ತಿದರು. ಕೆಂಪು, ಹಸಿರು, ಮತ್ತೆ ಕೆಂಪು. ಸೀರೆಯ ದಡಿಯಷ್ಟು ಚೆಂದ ಬಂತು. ಓಣಿಯವರು ಬಗ್ಗಿ ನೋಡಿ ಶಹಭಾಸ್ ಎಂದರು. ಇದು ಹುಚ್ಚಾಟವೆಂದು ನನಗೆ ಒಳಗೊಳಗೇ ಗೊತ್ತಿತ್ತು, ಭಯವೂ ಆಗಿತ್ತು. ಆದರೂ "ಭಾರಿ ಆತ್ರಿ ಅಣ್ಣಾರ" ಎಂದು ನನ್ನದೊಂದು ಮಾತು ಸೇರಿಸಿದೆ.

ಹೆಂಡತಿ ಸೇರಿಸಲಿಲ್ಲ. ಸೀರೆ ಎತ್ತಿ ಕಟ್ಟಿ, ಡ್ರೈವರ್ ಸೀಟಿನಲ್ಲಿ ಕೂತಳು. "ಅಣ್ಣಾ, ಗಿರಿಜಾ ಕುಂದ್ರೂಕಿಂತ ಮೊದ್ಲ ನಾ ತುಳದು ನೋಡತೀನಿ" ಎಂದವಳೇ ಪೆಡಲ್ ಒತ್ತಿದಳು. ಅವಳ ಒತ್ತಡದ ಅನುಭವ ನನಗೆ ಬಹಳ ವರ್ಷಗಳಿಂದ ಇದೆ. ಎರಡು ಸಲ ಪೈಪು ತಡೆಯಿತು. ಮೂರನೆಯದಕ್ಕೆ ನೂಲಿನ ನಡುವೆ ಗುಳ್ಳೆಯಂತೆ ಉಬ್ಬಿ, ಫಟ್ಟೆಂದು ಒಡೆದು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ತಮ್ಮ ಕಲೆಯನ್ನು ನೋಡುತ್ತಿದ್ದ ಅಣ್ಣಾರ ಬಿಳಿ ಅಂಗಿಯ ಮೇಲೆ ಎಣ್ಣೆ ಚಿಮ್ಮಿತು. ಪೆಡಲ್ ಸೀದಾ ನೆಲಕ್ಕಿಳಿಯಿತು.

ಯಾರೂ ನಗಲಿಲ್ಲ. ಅಣ್ಣಾರು ಹಾಗೆಯೇ ಕಟ್ಟೆಯ ಮೇಲೆ ಕೂತರು. "ನಮ್ಮ ಗಿರಿಜಾ ಒಳಗ ಇದ್ದಿದ್ಲಂದ್ರ..." ಎಂದು ಅಂಗಿಯ ಮೇಲಿನ ಎಣ್ಣೆಯನ್ನು ಬೆರಳಿಂದ ಮುಟ್ಟಿ ನೋಡಿದರು. ಆಮೇಲೆ, "ಅಮಾಸಿ ಬಂದು ಹೋಗ್ಲಿ ಬಿಡ್ರಿ" ಎಂದರು. ಅವರ ಬಾಯಿಂದ ಅಂಥ ಮಾತು ಬರುವುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ವಿಷಯ ತಿಳಿದು, ಮೊದಲು ದಿನ ನೋಡಿಕೊಟ್ಟಿದ್ದ ಸ್ವಾಮಿಗಳು ಪಂಚಾಂಗವನ್ನು ಇನ್ನೊಮ್ಮೆ ತಿರುವಿ, ಅಮಾವಾಸ್ಯೆ ಕಳೆದ ಮೇಲಿನ ದಿನವೇ ಹೆಚ್ಚು ಪ್ರಶಸ್ತ ಎಂದರು. ಅಗತ್ಯ ಬಿದ್ದರೆ ಪಂಚಾಂಗವೂ ರಬ್ಬರಿನಂತೆ ಬಾಗುತ್ತದೆ, ಬಿರುಕು ಬಿಡುವುದಿಲ್ಲ.

ಹೊಸ ಪೈಪು ಬಂತು. ಒಡೆದದ್ದೊಂದೇ ಅಲ್ಲ, ಎಲ್ಲ ಚಕ್ರಗಳ ಪೈಪನ್ನೂ ಬದಲಿಸಬೇಕೆಂದು ಈಗ ಅಣ್ಣಾರದೇ ಹಟ. ಆಮೇಲೆ ಒಳಗೆ ಸೇರಿದ ಗಾಳಿ ತೆಗೆಯಬೇಕು. ಮೇಸ್ತ್ರಿ ಚಕ್ರದ ಬಳಿ, ಹೆಂಡತಿ ಪೆಡಲಿನ ಮೇಲೆ, ನಡುವೆ ನಿಂತು ಕೂಗುವ ಕೆಲಸ ನನ್ನದು. ಒತ್ತು, ಹಿಡಿ, ಬಿಡು. ನನ್ನ ಬಾಯಿಂದ ಹೊರಟ ಆಜ್ಞೆಗಳನ್ನು ಅವಳು ಒಂದೂ ಬಿಡದೆ ಪಾಲಿಸಿದಳು. ಆ ಕೆಲಸ ಬೇಗ ಮುಗಿದದ್ದಕ್ಕೆ ನನಗೆ ಬೇಸರವೇ ಆಯಿತು.

ಮುಧೋಳದಿಂದ ಮರಳುವಾಗ ಗಿರಿಜಾ ಹಿಂದಿನ ಸೀಟಿನಲ್ಲಿ ಸೋದರತ್ತೆಯಾದ ನನ್ನ ಹೆಂಡತಿಯ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ಕಬ್ಬಿನ ಹೊಲದ ತಿರುವಿನಲ್ಲಿ ಕುರಿಹಿಂಡೊಂದು ರಸ್ತೆಗೆ ನುಗ್ಗಿತು. ಬ್ರೇಕಿನ ಮೇಲೆ ಕಾಲಿಟ್ಟೆ. ಕಾರು ಮೆತ್ತಗೆ ನಿಂತಿತು, ಅವಳಿಗೆ ಎಚ್ಚರವೂ ಆಗಲಿಲ್ಲ. ಅಭ್ಯಾಸಬಲದಿಂದ ನನ್ನ ಕೈ ಹಾರ್ನಿನತ್ತ ಹೋಯಿತು. ಪಕ್ಕದಲ್ಲಿದ್ದ ಅಣ್ಣಾರು ಆ ಕೈ ಹಿಡಿದರು.

"ಬ್ಯಾಡ್ರಿ. ಕೂಸು ಮಲಗೈತಿ" ಎಂದರು ಪಿಸುದನಿಯಲ್ಲಿ.

ಕೊನೆಯ ಕುಂಟು ಮರಿಯೂ ದಾಟುವವರೆಗೆ, ಹೋಗಬೇಕಾದ ಅವಸರವೇ ಇಲ್ಲದವರಂತೆ, ನಾವು ನಿಂತೇ ಇದ್ದೆವು.