ನಾನೂ ‘ನೋಡೋಣ’ ಅಂದೆ

ಎಪ್ಪತ್ತು ದಾಟಿದ ಮೇಲೆ ನಾನು ನಾಯಕತ್ವದ ತರಬೇತಿಗೆ ಹೋಗಿ ಬಂದೆ ಅಂದರೆ ನೀವು ನಗುತ್ತೀರಿ. ನಗಿ. ನನ್ನ ಸೊಸೆಯೂ ನಕ್ಕಳು. ಮನೆಯಲ್ಲಿ ಇಷ್ಟು ವರ್ಷ ಎಲ್ಲರ ಮೇಲೂ ಸವಾರಿ ಮಾಡಿದ್ದು ಸಾಲದೆ ಅದಕ್ಕೂ ಒಂದು ಕ್ಲಾಸು ಬೇಕಾಗಿತ್ತಾ ಅಂತ ಕೇಳಿದಳು.

ಆ ತರಬೇತಿ ನನಗಾಗಿ ಇಟ್ಟದ್ದಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆಯ ಪಂಚಾಯ್ತಿ, ಪುರಸಭೆ ಆಫೀಸರುಗಳನ್ನು ಮಂಡ್ಯದಲ್ಲಿ ಕೂಡಿಸಿ, ಜನರನ್ನು ನಡೆಸುವುದು ಹೇಗೆ ಅಂತ ಮೂರು ದಿನ ಹೇಳಿಕೊಡುತ್ತಿದ್ದರು. ಮೂರನೇ ದಿನಕ್ಕೆ ದೂರು ಹೇಳಲು ಒಬ್ಬರು ನಿಜವಾದ ಹಳ್ಳಿಯವರು ಬೇಕಾಗಿತ್ತಂತೆ. ಕೋಳಿ ಕುಯ್ಯುವುದನ್ನು ಕಲಿಸಬೇಕಾದರೆ ಒಂದು ಕೋಳಿ ಬೇಕಲ್ಲ, ಹಾಗೆ.

ನನ್ನನ್ನು ಆರಿಸಿದವಳು ಸವಿತ. ನಮ್ಮ ಪಂಚಾಯ್ತಿಯ ಪಿಡಿಒ, ಅಂದರೆ ಊರಿನ ನೀರು, ಚರಂಡಿ, ದೀಪ ಎಲ್ಲಕ್ಕೂ ಬಯ್ಯಿಸಿಕೊಳ್ಳುವ ಆಫೀಸರು. ಬಂಡೂರಿನ ಕಡೆಯ ಹೆಣ್ಣುಮಗಳು, ನನ್ನ ಮೊಮ್ಮಗಳ ವಯಸ್ಸು. ಆರಿಸಿದ್ದಕ್ಕೆ ದೊಡ್ಡ ಕಾರಣ ಏನಿಲ್ಲ. ಹದಿನಾರು ದಿನದಿಂದ ನಮ್ಮ ಕೆಳಗಿನ ಬೀದಿಯ ನಲ್ಲಿಗಳಿಗೆ ನೀರು ನಿಂತು ಹೋಗಿತ್ತು. ಹನ್ನೊಂದು ಮನೆಯವರೂ ತೋಟದ ಪಂಪ್‌ಸೆಟ್ಟಿನಿಂದ ಹೊರುತ್ತಿದ್ದೆವು. ನನ್ನ ಸೊಂಟ ಒಂದು ಬಿಂದಿಗೆ ಅಂದರೆ ಒಂದೇ ಬಿಂದಿಗೆ ಅನ್ನುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಅವಳ ಆಫೀಸಿಗೆ ಹೋಗಿ ಬಯ್ದು ಬರುತ್ತಿದ್ದೆ.

“ಅವ್ವಾ, ದಿನಾ ಇಲ್ಲಿ ಬಯ್ತೀರಲ್ಲ, ಒಂದಿನ ಮಂಡ್ಯಕ್ಕೆ ಬಂದು ಬಯ್ರಿ. ಊಟಾನೂ ಹಾಕ್ತಾರೆ,” ಅಂದಳು.

“ಊಟುಕ್ ನಾನ್ ಬರಾಕಿಲ್ಲ ಕಣಮ್ಮಿ. ನೀರ್ ಬುಡುಸ್ತಾರಾ?”

“ದೊಡ್ಡೋರೆಲ್ಲ ಇರ್ತಾರೆ. ಕೇಳಿ ನೋಡಿ.”

ನಮ್ಮೂರಿನ ಹೆಸರು ಬೇಡ. ಬೆಸಗರಹಳ್ಳಿಗೆ ನಡೆದು ಹೋಗಿ ಬಸ್ಸು ಹಿಡಿಯುವಷ್ಟು ದೂರ ಅಂದುಕೊಳ್ಳಿ. ಹೆಸರು ಬರೆದರೆ ಪಂಚಾಯ್ತಿಯವರು ಮುನಿಸಿಕೊಳ್ಳುತ್ತಾರೆ. ನಾಳೆಯೂ ನೀರು ಬಿಡಬೇಕಾದವರು ಅವರೇ.

ಕಲಿಸುವ ಮೇಷ್ಟ್ರು ಬೆಂಗಳೂರಿನವರು. ಕಿವಿಗೆ ಒಂದು ಸಣ್ಣ ಮೈಕು ಸಿಕ್ಕಿಸಿಕೊಂಡು, ಪರದೆಯ ಮೇಲೆ ಚಿತ್ರ ಬಿಡುತ್ತಿದ್ದರು. ಹಿಮದ ಬೆಟ್ಟದ ತುದಿಯಲ್ಲಿ ಒಬ್ಬ ಕೈ ಮೇಲೆತ್ತಿ ನಿಂತಿದ್ದ. ಇವನೇ ನಾಯಕ ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಅಲ್ಲಿ ಅವನೊಬ್ಬನೇ ಇದ್ದಾನೆ, ಯಾರನ್ನು ನಡೆಸುತ್ತಾನೆ?

ನಮ್ಮ ಕಡೆ ನಾಲೆಗೆ ಸೌಡಿ ಅಂತ ಇರುತ್ತಾನೆ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ತೂಬು ಎತ್ತಿ ಇಳಿಸುವವನು. ನಮ್ಮಪ್ಪನ ಕಾಲದಲ್ಲಿ ಒಬ್ಬ ಸೌಡಿ ಇದ್ದ, ಮಾತು ಕಡಿಮೆ. ಒಮ್ಮೆ ಅವನ ಸ್ವಂತ ಭಾವಮೈದುನನೇ ಹೊತ್ತು ಮೀರಿ ನೀರು ತಿರುಗಿಸಿಕೊಂಡ. ಇವನು ಹೋಗಿ ತೂಬು ಇಳಿಸಿ, ಅದರ ಪಕ್ಕದಲ್ಲೇ ಬೀಡಿ ಸೇದುತ್ತ ಕೂತುಬಿಟ್ಟ. ಆ ವರ್ಷ ಅವನ ಹೆಂಡತಿ ಹಬ್ಬಕ್ಕೆ ತವರಿಗೆ ಹೋಗಲಿಲ್ಲ. ಅವನ ಚಿತ್ರ ಯಾರೂ ತೆಗೆದಿಲ್ಲ. ತೆಗೆದಿದ್ದರೂ ಪರದೆಯ ಮೇಲೆ ಚೆಂದ ಕಾಣುತ್ತಿರಲಿಲ್ಲ, ಮೊಣಕಾಲವರೆಗೂ ಕೆಸರು.

ಹತ್ತೂವರೆಗೆ ಕಾಫಿ ಕೊಟ್ಟರು, ಜೊತೆಗೆ ಮದ್ದೂರು ವಡೆ. ಮದ್ದೂರಿನ ಆಫೀಸರುಗಳು ಅದನ್ನು ಮುರಿದು ನೋಡಿ, ಇದು ನಮ್ಮೂರಿಂದಲ್ಲ ಅಂತ ತೀರ್ಪು ಕೊಟ್ಟರು. ಅವತ್ತು ಬೆಳಿಗ್ಗೆ ಯಾರಾದರೂ ಒಂದು ವಿಷಯವನ್ನು ಗಟ್ಟಿಯಾಗಿ ಹೇಳಿದ್ದು ಅಂದರೆ ಅದೇ.

ಆಮೇಲೆ ನನ್ನ ಸರದಿ. ಮಳವಳ್ಳಿ ಕಡೆಯ ದಪ್ಪನೆಯ ಆಫೀಸರೊಬ್ಬರನ್ನು ನನ್ನೆದುರು ಕೂರಿಸಿದರು.

“ಅವ್ವಾ, ನಿಮಗೆ ಏನೋ ಒಂದು ತೊಂದರೆ ಇದೆ ಅಂತ ಅಂದುಕೊಳ್ಳಿ,” ಅಂದರು ಮೇಷ್ಟ್ರು.

“ಅಂದ್ಕೊಳ್ಳಾದೇನ್ ಸ್ವಾಮಿ, ಅದೆ,” ಅಂದು ಶುರು ಮಾಡಿದೆ. ನೀರು, ಸೊಂಟ, ಬಿಂದಿಗೆ, ಎಲ್ಲ ಹೇಳಿದೆ. ದಪ್ಪನೆಯವರು ಮುಂದಕ್ಕೆ ಬಾಗಿದರು, ನನ್ನ ಕಣ್ಣನ್ನೇ ನೋಡಿದರು, ಮೂರು ಸಲ ತಲೆ ಆಡಿಸಿದರು. “ಹದಿನಾರು ದಿನದಿಂದ ನೀರು ಬರ್ತಿಲ್ಲ ಅಂತೀರಿ. ನಿಮ್ಮ ನೋವು ನನಗೆ ಅರ್ಥ ಆಗುತ್ತೆ,” ಅಂದರು. ಕೂತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಜನ ಹೇಳಿದ್ದನ್ನು ಅವರಿಗೇ ತಿರುಗಿಸಿ ಹೇಳುವುದು ಮೊದಲನೇ ಮೆಟ್ಟಿಲು ಅಂತ ಮೇಷ್ಟ್ರು ವಿವರಿಸಿದರು.

“ಎಲ್ಡ್ನೇ ಮೆಟ್ಲು ಯಾವಾಗ?” ಅಂತ ಕೇಳಿದೆ.

“ಊಟ ಆದಮೇಲೆ ಅವ್ವಾ,” ಅಂದರು.

ಊಟ ಆದಮೇಲೆ ಜಾಗ ಬದಲಾಯಿತು. ತಿರುಗುವ ಕುರ್ಚಿಯಲ್ಲಿ ನನ್ನನ್ನು ಆಫೀಸರು ಮಾಡಿ ಕೂರಿಸಿದರು. ದೂರು ಹೇಳುವ ಮುದುಕಿ ಸವಿತ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈ ಸೊಂಟದ ಮೇಲಿಟ್ಟು ಬಂದಳು.

“ಏನಮ್ಮೀ ಆಫೀಸರಮ್ಮ! ಫ್ಯಾನ್ ಕೆಳ್ಗೆ ಕುಂತ್ಕೊಂಡು ತಲೆ ಆರುಸ್ಕತಾ ಇದ್ದೀಯಾ? ನಮ್ ಬೀದಿಗ್ ನೀರ್ ಬುಡಾಕೆ ನಿಂಗೇನ್ ರೋಗ?”

ಅದು ನನ್ನದೇ ಮಾತು, ಸೋಮವಾರದ್ದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಇಷ್ಟು ಚೆನ್ನಾಗಿ ಬಯ್ಯುತ್ತೇನೆ ಅಂತ ಗೊತ್ತಿರಲಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಲಿಲ್ಲ.

“ವಾಲ್ವು ಕಚ್ಕೊಂಡದೆ. ಅದ್ರ ಮ್ಯಾಲೆ ಕಾಂಕ್ರೀಟ್ ಆಕವ್ರೆ. ಒಡುಸ್ಬುಡು. ಯಾರಾಕಿದ್ದು ಅಂತ ನಂಗೂ ಗೊತ್ತು, ನಿಂಗೂ ಗೊತ್ತು.”

ಗೊತ್ತಿತ್ತು. ನನ್ನನ್ನು ಊರಲ್ಲೇ ಕೊಟ್ಟಿದ್ದರಿಂದ ತವರುಮನೆ ಮೇಲಿನ ಬೀದಿಯಲ್ಲೇ ಇದೆ. ಅಲ್ಲಿ ನನ್ನ ತಮ್ಮ ಪುಟ್ಟಸ್ವಾಮಿ ಟ್ರ್ಯಾಕ್ಟರು ಹತ್ತಿಸಲು ಬಾಗಿಲ ಮುಂದೆ ಕಾಂಕ್ರೀಟು ಹಾಕಿಸಿದ್ದಾನೆ. ನಮ್ಮ ಬೀದಿಗೆ ನೀರು ಬಿಡುವ ವಾಲ್ವು ಅದರಡಿ ಹೂತು ಹೋಗಿದೆ. ಹದಿನಾರು ದಿನ ಹನ್ನೊಂದು ಮನೆಯವರೂ ಸವಿತಳನ್ನು ಬಯ್ದೆವೇ ಹೊರತು, ಕಾಂಕ್ರೀಟಿನ ಮಾತು ಒಬ್ಬರೂ ಎತ್ತಲಿಲ್ಲ. ಒಬ್ಬರಿಗೆ ಅವನು ಮಾವ, ಇನ್ನೊಬ್ಬರಿಗೆ ಭಾವ, ನನಗೆ ಗೌರಿ ಹಬ್ಬಕ್ಕೆ ಸೀರೆ ತರುವ ತಮ್ಮ. ಸರ್ಕಾರ ಬಂದು ಒಡೆಯಲಿ, ನಾವು ಅಯ್ಯೋ ಪಾಪ ಅನ್ನುತ್ತ ನಿಂತಿರೋಣ ಅಂತ ಎಲ್ಲರ ಮನಸ್ಸಿನಲ್ಲೂ ಇತ್ತು.

“ಏನಮ್ಮೀ, ಒಡುಸ್ತೀಯೋ ಇಲ್ವೋ?”

ಆಫೀಸರುಗಳೆಲ್ಲ ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆದೆ. “ನೋಡೋಣ,” ಅಂದೆ.

ಈ ಮಾತನ್ನು ಜೀವಮಾನವೆಲ್ಲ ಬಯ್ದವಳು ನಾನು. ಅಟ್ಟದ ಏಣಿಯ ಮುರಿದ ಮೆಟ್ಟಿಲನ್ನು ನನ್ನ ಗಂಡ ಹತ್ತು ವರ್ಷ ನೋಡೋಣ ಅಂದ. ಅವನು ಹೋದಮೇಲೆ ನಾನೇ ಮೊಳೆ ಹೊಡೆದೆ, ಕಾಫಿ ಕಾಯುವಷ್ಟರಲ್ಲಿ ಮುಗಿಯಿತು. ಹೆಣ್ಣು ನೋಡಿದವರು ನೋಡೋಣ ಅಂದರೆ ಬೇಡ ಅಂತ ಅರ್ಥ. ಕಣ್ಣಿಗೆ ಕೆಲಸ ಹೇಳಿ ಕೈಗೆ ರಜ ಕೊಡುವ ಮಾತು ಅದು. ಕುರ್ಚಿಯಲ್ಲಿ ಕೂತು ನೋಡೋಣ ಅನ್ನುವವರೆಲ್ಲ ಸೋಮಾರಿಗಳು ಅಂತ ತಿಳಿದಿದ್ದೆ. ಅವರಲ್ಲಿ ಅರ್ಧ ಜನಕ್ಕೆ ಹೆದರಿಕೆ ಅಂತ ಅವತ್ತು ಗೊತ್ತಾಯಿತು. ಉಳಿದರ್ಧ ಸೋಮಾರಿಗಳೇ.

ಮೇಷ್ಟ್ರಿಗೆ ಬಹಳ ಖುಷಿಯಾಯಿತು. ನಿಜವಾದ ಆಫೀಸರ ಹಾಗೇ ಮಾಡಿದಿರಿ ಅಂತ ಹೊಗಳಿ, ನನಗೂ ಒಂದು ಸರ್ಟಿಫಿಕೇಟು ಕೊಟ್ಟರು. ನನ್ನ ಹೆಸರು ಮಾತ್ರ ಓದಿಕೊಂಡೆ. ಮಿಕ್ಕ ಅಕ್ಷರ ಬಹಳ ಸಣ್ಣವು.

ವಾಪಸು ಬರುವಾಗ ಬಸ್ಸಿನಲ್ಲಿ ಸವಿತಳನ್ನು ಕೇಳಿದೆ. “ಯಾಕಮ್ಮೀ, ಕಾಂಕ್ರೀಟಿನ್ ಮಾತ ಆಫೀಸಲ್ಲೇ ಏಳ್ಬಾರ್ದಾಗಿತ್ತಾ?”

“ಹೇಳೋಕೆ ನೀವೆಲ್ಲಿ ಬಿಟ್ರಿ ಅವ್ವಾ? ನಿಮ್ಮ ತಮ್ಮಂಗೆ ನೋಟೀಸು ಕೊಟ್ಟೆ. ‘ನಮ್ಮಕ್ಕ ಒಪ್ಪುದ್ರೆ ಒಡಿ ಓಗು’ ಅಂದ್ರು. ನಿಮ್ಮನ್ನ ಕೇಳೋಕೆ ನನಗೆ ಧೈರ್ಯ ಬರಲಿಲ್ಲ.”

ಬಸ್ಸಿಳಿದು ನೇರವಾಗಿ ತವರುಮನೆಗೆ ಹೋದೆ. ತಮ್ಮ ಟ್ರ್ಯಾಕ್ಟರು ಒರೆಸುತ್ತಿದ್ದ.

“ಲೋ, ನಾಳೀಕ್ ವಾಟರ್‌ಮ್ಯಾನ್ ಬತ್ತಾನೆ. ಈ ಕಾಂಕ್ರೀಟ್ ಒಡೀತಾನೆ.”

“ಯಾರಕ್ಕಾ ಅಂಗ್ ಏಳ್ದೋರು?”

“ನಾನೇ ಏಳ್ತಾ ಇವ್ನಿ ಕಣ್ಲಾ.”

“ಟ್ರ್ಯಾಕ್ಟ್ರು ಎಲ್ ನಿಲ್ಸಾನ?”

“ನಿನ್ ತಲೆ ಮ್ಯಾಲ್ ನಿಲ್ಸ್ಕೊ.”

ಹೀಗೆ ಮಾತಾಡಬಾರದು ಅಂತ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

ಮಾರನೇ ದಿನ ಒಡೆದರು. ಹೊಸ ವಾಲ್ವು ಹಾಕಿದರು. ನೀರು ಬಂತು. ತಮ್ಮ ಮಾತು ಬಿಟ್ಟ. ಗೌರಿ ಹಬ್ಬಕ್ಕೆ ಸೀರೆ ಬರಲಿಲ್ಲ. ಇರುವ ಸೀರೆಗಳನ್ನೇ ಉಟ್ಟು ಹರಿಯುವಷ್ಟು ಆಯಸ್ಸು ನನಗೆ ಉಳಿದಿಲ್ಲ, ಅದು ಹೋಗಲಿ. ಆದರೆ ಬೀದಿಯಲ್ಲಿ ಎದುರಾದಾಗ ಅವನು ಕರೆಂಟು ಕಂಬ ನೋಡಿಕೊಂಡು ಹೋಗುತ್ತಿದ್ದನಲ್ಲ, ಅದು ಅಷ್ಟು ಸಲೀಸಾಗಿರಲಿಲ್ಲ.

ಹೋದ ವಾರ ಬಂದು ನಮ್ಮ ಜಗಲಿಯ ಹತ್ತಿರ ನಿಂತ. ಗೋಡೆಗೆ ಹೇಳುವವನ ಹಾಗೆ ಹೇಳಿದ:

“ಮೇಲ್ಗಡೆ ನಲ್ಲೀಲಿ ನೀರು ಸಣ್ಣುಕ್ ಬತ್ತದೆ. ಎಲ್ಲಾ ನಿಮ್ ಬೀದಿಗೇ ನುಗ್ತದೆ.”

ನಾನು ಮುಂದಕ್ಕೆ ಬಾಗಿದೆ. ಅವನ ಕಣ್ಣನ್ನೇ ನೋಡಿದೆ. ಮೂರು ಸಲ ತಲೆ ಆಡಿಸಿದೆ.

“ನೀರು ಸಣ್ಣುಕ್ ಬತ್ತದೆ ಅಂತೀಯ. ನಿನ್ ನೋವು ನಂಗ್ ಅರ್ಥ ಆಯ್ತದೆ ಕಣ್ಲಾ.”

“ಥೂ, ಅರ್ಥ ಮಾಡ್ಕೊಂಡು ಏನ್ ಮಾಡ್ತೀಯಕ್ಕ?”

“ಅದು ಎಲ್ಡ್ನೇ ಮೆಟ್ಲು. ಊಟ ಆದ್ಮೇಲೆ. ಒಳೀಕ್ ಬಾ.”

ಚಪ್ಪಲಿ ಬಿಟ್ಟು ಒಳಗೆ ಬಂದ. ಕೈ ತೊಳೆಯಲು ನಮ್ಮ ನಲ್ಲಿಯನ್ನೇ ಪೂರ್ತಿ ತಿರುಗಿಸಿ ಬಿಟ್ಟೆ.